ಬಿಡಿಸಲಾಗದ ಲೆಕ್ಕಕ್ಕೆ ಹೋದ ಅರ್ಧ ಗಂಟೆ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆಯಲ್ಲಿ ಒಂದು ಪ್ರಶ್ನೆ ತಪ್ಪಾಗಿದೆ ಎಂಬ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ‘ಕೃಪಾಂಕ ಕೊಡುತ್ತಾರೆ’ ಎಂಬ ಮಾತೂ ಬರುತ್ತದೆ, ಅಲ್ಲಿಗೆ ಎಲ್ಲರೂ ಸಮಾಧಾನಪಟ್ಟು ಸುಮ್ಮನಾಗುತ್ತಾರೆ. ರಾಯಚೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿ ನಿವೃತ್ತಳಾದ ನನಗೆ ಆ ಸಮಾಧಾನ ಒಂದು ಸಲವೂ ಸಾಧ್ಯವಾಗಿಲ್ಲ. ಪ್ರಶ್ನೆ ತಪ್ಪಿದಾಗ ಮಗುವಿಗೆ ಆಗುವ ನಷ್ಟ ಆ ಪ್ರಶ್ನೆಗಿಟ್ಟ ಅಂಕಗಳಷ್ಟೇ ಅಲ್ಲ, ಅದಕ್ಕಿಂತ ಬಹಳ ದೊಡ್ಡದು, ಮತ್ತು ಆ ನಷ್ಟ ಹೆಚ್ಚಾಗಿ ತಟ್ಟುವುದು ಪ್ರಾಮಾಣಿಕವಾಗಿ ಲೆಕ್ಕ ಬಿಡಿಸಲು ಕುಳಿತ ಮಗುವಿಗೇ ಎಂಬುದನ್ನು ಕಣ್ಣಾರೆ ಕಂಡವಳಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ವಾರ್ಷಿಕ ಪರೀಕ್ಷೆಯಲ್ಲಿ ತಪ್ಪು ಸಿಗದ ವರ್ಷಗಳೂ ಇವೆ, ಅದನ್ನು ಒಪ್ಪುತ್ತೇನೆ. ಆದರೆ ತಪ್ಪು ಬಿದ್ದರೆ ಏನು ಮಾಡಬೇಕೆಂಬ ನಿಯಮ ಮೊದಲೇ ತಿಳಿದಿರಬೇಕಾದದ್ದು ಹಾಗೆ ನೆಮ್ಮದಿಯಾಗಿರುವ ವರ್ಷದಲ್ಲೇ.

ನಾನಿನ್ನೂ ಸೇವೆಯಲ್ಲಿದ್ದಾಗ ಒಂದು ವರ್ಷ ಫೆಬ್ರುವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಪ್ರಶ್ನೆಪತ್ರಿಕೆ ಹೊರಗಿನಿಂದ ಬಂದಿತ್ತು, ಅದನ್ನು ತಯಾರಿಸಿದವರು ಯಾರೆಂಬುದು ಇಲ್ಲಿ ಬೇಕಿಲ್ಲ. ನಾಲ್ಕು ಅಂಕದ ಒಂದು ಪ್ರಶ್ನೆ ಹೀಗಿತ್ತು: ಒಂದು ವೃತ್ತದ ಸುತ್ತ, ಮೂರೂ ಬಾಹುಗಳು ವೃತ್ತವನ್ನು ಸ್ಪರ್ಶಿಸುವಂತೆ, ಎಬಿಸಿ ಎಂಬ ತ್ರಿಭುಜವಿದೆ. ವೃತ್ತದ ತ್ರಿಜ್ಯ 7 ಸೆಂ.ಮೀ. ಬಿ-ಸಿ ಬಾಹು ವೃತ್ತವನ್ನು ಡಿ ಬಿಂದುವಿನಲ್ಲಿ ಸ್ಪರ್ಶಿಸುತ್ತದೆ. ಬಿ-ಡಿ 8 ಸೆಂ.ಮೀ., ಡಿ-ಸಿ 6 ಸೆಂ.ಮೀ. ಆದರೆ ಉಳಿದ ಎರಡು ಬಾಹುಗಳ ಉದ್ದ ಎಷ್ಟು? ಹತ್ತನೇ ತರಗತಿಯ ಗಣಿತ ಪುಸ್ತಕ ಬಲ್ಲವರಿಗೆ ಇದು ಹಳೆಯ ಪರಿಚಯದ ಲೆಕ್ಕ. ಪುಸ್ತಕದಲ್ಲಿ ತ್ರಿಜ್ಯ 4 ಸೆಂ.ಮೀ. ಇದೆ, ಉತ್ತರ 15 ಮತ್ತು 13. ಪತ್ರಿಕೆಯಲ್ಲಿ ಆ 4 ಹೋಗಿ 7 ಬಂದಿತ್ತು. ಪುಸ್ತಕದ ಲೆಕ್ಕವೇ ಬೇಡವೆಂದು ಬದಲಿಸಿದರೋ, ಬೆರಳಚ್ಚಿನಲ್ಲಿ ಹೆಚ್ಚುಕಡಿಮೆಯಾಯಿತೋ ನನಗೆ ಗೊತ್ತಾಗಲಿಲ್ಲ. ಚಿತ್ರ ಮಾತ್ರ ಪುಸ್ತಕದಲ್ಲಿದ್ದುದೇ, ನೋಡಲು ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು.

ಬಹಳ ಮಕ್ಕಳು ಆ ಪ್ರಶ್ನೆಯನ್ನು ಬಿಟ್ಟಿದ್ದರು. ಕೆಲವರು ಬಾಯಿಪಾಠದ ಬಲದಿಂದ 15, 13 ಎಂದು ಬರೆದು ಮುಂದೆ ಹೋಗಿದ್ದರು. ಒಬ್ಬ ಹುಡುಗಿಯ ಉತ್ತರಪತ್ರಿಕೆ ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ಮೇಲಿನ ಶೃಂಗದಿಂದ ಸ್ಪರ್ಶಬಿಂದುವಿಗಿರುವ ದೂರವನ್ನು ಅವಳು ಎಕ್ಸ್ ಎಂದುಕೊಂಡಿದ್ದಳು, ಅರ್ಧಸುತ್ತಳತೆ ಎಕ್ಸ್ ಕೂಡಿಸು 14 ಎಂದು ಸರಿಯಾಗಿಯೇ ಬರೆದಿದ್ದಳು, ವಿಸ್ತೀರ್ಣವನ್ನು ಎರಡು ಬಗೆಯಲ್ಲಿ ಕಂಡು ಸಮೀಕರಿಸಿದ್ದಳು. ಕೊನೆಗೆ ಬಂದದ್ದು ಎಕ್ಸ್ ಸಮ ಮೈನಸ್ 686. ಅದನ್ನು ಹೊಡೆದು ಹಾಕಿ ಮತ್ತೆ ಮೊದಲಿನಿಂದ ಮಾಡಿದ್ದಳು, ಮತ್ತೆ ಮೈನಸ್ 686. ಮೂರನೇ ಸಲ ಗುಣಾಕಾರವನ್ನೆಲ್ಲ ಪುಟದ ಅಂಚಿನಲ್ಲಿ ಬಿಡಿಬಿಡಿಯಾಗಿ ಬರೆದು ಪರೀಕ್ಷಿಸಿದ್ದಳು, ಆಗಲೂ ಅದೇ. ಆ ಸಂಖ್ಯೆಯ ಮೇಲೆ ಪೆನ್ನಿನಿಂದ ಎಷ್ಟು ಒತ್ತಿ ಗೀಚಿದ್ದಳೆಂದರೆ ಕಾಗದ ಆಚೆ ಬದಿಗೆ ಉಬ್ಬಿ ನಿಂತಿತ್ತು. ಕೊನೆಯ ಪ್ರಶ್ನೆ ಐದು ಅಂಕದ ಪ್ರಮೇಯ, ಅವಳು ನಿದ್ದೆಯಲ್ಲೂ ಹೇಳಬಲ್ಲದ್ದು. ಅದರ ಚಿತ್ರ ಮತ್ತು ದತ್ತ ಬರೆಯುವಷ್ಟರಲ್ಲಿ ಸಮಯ ಮುಗಿದುಹೋಗಿತ್ತು.

ಮರುದಿನ ಅವಳನ್ನು ಕರೆದು ಕೇಳಿದೆ. ‘ಒಂದು ಬೆಲ್ ಹೊಡೆದಾಗ ಶುರು ಮಾಡಿದ್ದೆ ಟೀಚರ್, ಇನ್ನೊಂದು ಬೆಲ್ ಹೊಡೆಯೋತನ ಅದ್ರಾಗೇ ಇದ್ದೆ. ಮೈನಸ್ಸೇ ಬರ್ತಿತ್ರಿ. ನಂದೇ ಎಲ್ಲೋ ತಪ್ಪಾಗೇದ ಅನ್ಕೊಂಡೆ’ ಎಂದಳು. ಬೆಲ್ ಹೊಡೆಯುತ್ತಿದ್ದದ್ದು ಅರ್ಧ ಗಂಟೆಗೊಮ್ಮೆ. ‘ತಪ್ಪು ನಿಂದಲ್ಲವ್ವ, ಲೆಕ್ಕದ್ದು’ ಎಂದು ನಾನು ಹೇಳಿದರೂ ಅವಳ ಮುಖದಲ್ಲಿ ನಂಬಿಕೆ ಮೂಡಲಿಲ್ಲ. ಅಚ್ಚಾದ ಕಾಗದದಲ್ಲಿ ತಪ್ಪಿರಬಹುದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಲೆಕ್ಕ ಏಕೆ ಅಸಾಧ್ಯವೆಂಬುದನ್ನು ಓದುಗರು ಕೈಯಾರೆ ನೋಡಬಹುದು. ಕೈವಾರದಲ್ಲಿ 7 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು, ಕೆಳಗೊಂದು ಸ್ಪರ್ಶಕ ಎಳೆದು, ಸ್ಪರ್ಶಬಿಂದುವಿನ ಎಡಕ್ಕೆ 8, ಬಲಕ್ಕೆ 6 ಸೆಂ.ಮೀ. ಗುರುತಿಸಿ, ಆ ಎರಡೂ ತುದಿಗಳಿಂದ ವೃತ್ತಕ್ಕೆ ಇನ್ನೊಂದೊಂದು ಸ್ಪರ್ಶಕ ಎಳೆದರೆ ಅವೆರಡೂ ಮೇಲೆ ಎಲ್ಲಿಯೂ ಕೂಡುವುದಿಲ್ಲ, ಮೇಲೆ ಹೋದಂತೆ ಒಂದರಿಂದೊಂದು ಸ್ವಲ್ಪಸ್ವಲ್ಪವೇ ದೂರ ಸರಿಯುತ್ತವೆ. ಎಂಟಾರಲೆ ನಲವತ್ತೆಂಟು, ಏಳೇಳಲೆ ನಲವತ್ತೊಂಬತ್ತು. ತ್ರಿಜ್ಯದ ವರ್ಗವು ಆ ಎರಡು ಉದ್ದಗಳ ಗುಣಲಬ್ಧಕ್ಕಿಂತ ಕಡಿಮೆ ಇದ್ದರೆ ಮಾತ್ರ ತ್ರಿಭುಜ ಆಗುತ್ತದೆ, ಇಲ್ಲಿ ಒಂದು ಹೆಚ್ಚಾಗಿದೆ. ಅವಳ ಮೈನಸ್ 686 ಹೇಳುತ್ತಿದ್ದದ್ದೂ ಇದನ್ನೇ, ಇಂಥ ತ್ರಿಭುಜವೇ ಇಲ್ಲವೆಂದು. ಕೈವಾರ ಹಿಡಿದು ಕುಳಿತರೆ ಐದು ನಿಮಿಷದ ಕೆಲಸ. ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಆ ಐದು ನಿಮಿಷವನ್ನು ಯಾರೂ ಕೊಟ್ಟಿರಲಿಲ್ಲ. ಪತ್ರಿಕೆಯ ಜೊತೆ ಬಂದ ಮಾದರಿ ಉತ್ತರದಲ್ಲೂ ಪುಸ್ತಕದ 15 ಮತ್ತು 13 ಹಾಗೆಯೇ ಇದ್ದವು. ಅಂದರೆ ಆ ಮಾದರಿಯಂತೆ ತಿದ್ದಿದರೆ ಉತ್ತರವನ್ನು ಉರು ಹೊಡೆದು ಬಂದವರಿಗೆ ಪೂರ್ಣಾಂಕ, ಕೊಟ್ಟ ಸಂಖ್ಯೆಗಳನ್ನೇ ನಂಬಿ ಲೆಕ್ಕ ಮಾಡಿದವಳಿಗೆ ಸೊನ್ನೆ. ನಾನು ಅವಳಿಗೆ ನಾಲ್ಕಕ್ಕೆ ನಾಲ್ಕು ಕೊಟ್ಟೆ. ಅವಳ ಅರ್ಧ ಗಂಟೆಯನ್ನು ಕೊಡಲು ನನ್ನಿಂದಾಗಲಿಲ್ಲ.

ಆ ಅರ್ಧ ಗಂಟೆಗೂ ಲೆಕ್ಕವಿದೆ. ಗಣಿತ ಪತ್ರಿಕೆಯಲ್ಲಿ 38 ಪ್ರಶ್ನೆ, 80 ಅಂಕ. ಓದಿಕೊಳ್ಳುವ 15 ನಿಮಿಷ ಬಿಟ್ಟರೆ ಬರೆಯಲು ಮೂರು ಗಂಟೆ. ಒಂದು ಅಂಕಕ್ಕೆ ಎರಡೂಕಾಲು ನಿಮಿಷ ಬಿದ್ದಂತಾಯಿತು, ನಾಲ್ಕು ಅಂಕದ ಪ್ರಶ್ನೆಗೆ ಒಂಬತ್ತು ನಿಮಿಷ. ಅವಳು ಕಳೆದ ಮೂವತ್ತು ನಿಮಿಷದಲ್ಲಿ ಇಪ್ಪತ್ತೊಂದು ನಿಮಿಷ ಬೇರೆ ಪ್ರಶ್ನೆಗಳಿಗೆ ಸೇರಬೇಕಾದದ್ದು, ಅಂಕದಲ್ಲಿ ಹೇಳುವುದಾದರೆ ಒಂಬತ್ತಕ್ಕೂ ಹೆಚ್ಚು. ನಾಲ್ಕು ಅಂಕ ಕೊಟ್ಟು ಕೈ ತೊಳೆದುಕೊಂಡರೆ ಆ ಒಂಬತ್ತು ಅಂಕ ಯಾವ ಲೆಕ್ಕಕ್ಕೂ ಬರುವುದಿಲ್ಲ. ತೇರ್ಗಡೆಯ ಗೆರೆಯ ಹತ್ತಿರ ನಿಂತ ಮಗುವಿಗೆ ಒಂಬತ್ತು ಅಂಕ ಎಂದರೆ ಏನೆಂಬುದನ್ನು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಬೇರೆ ಊರುಗಳ ಓದುಗರಿಗಾಗಿ ಹೇಳುತ್ತೇನೆ. ರಾಯಚೂರು, ಕೊಪ್ಪಳ ಜಿಲ್ಲೆಗಳ ಒಣಬೇಸಾಯದ ಊರುಗಳಿಂದ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಹತ್ತನೇ ತರಗತಿಯ ಮಗಳನ್ನು ಪರೀಕ್ಷೆಗೆಂದು ಅಜ್ಜಿಯ ಬಳಿ ಬಿಟ್ಟು ಹೋದ ಮನೆಗಳನ್ನು ನಾನು ಕಂಡಿದ್ದೇನೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಶಾಲೆ ತಪ್ಪಿಸಿ, ಆಮೇಲೆ ಬೆಳಗಿನ ವಿಶೇಷ ತರಗತಿಗೆ ಬಂದು, ‘ಪಾಸಿಂಗ್ ಪ್ಯಾಕೇಜ್’ ಎಂಬ, ತೇರ್ಗಡೆಗೆ ಬೇಕಾದಷ್ಟೇ ಪಾಠಗಳ ಕೈಪಿಡಿ ಹಿಡಿದು ಓದುವ ಮಕ್ಕಳು ಇವರು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಬಂದಿರುವುದು ಒಳ್ಳೆಯದೇ. ಆದರೆ ಗಣಿತವೊಂದರಲ್ಲಿ ಹಿಂದೆ ಬಿದ್ದ ಹುಡುಗಿಗೆ ಎರಡನೇ ಪರೀಕ್ಷೆ ಬರುವಷ್ಟರಲ್ಲಿ ಮನೆಯವರು ಗಂಡು ನೋಡಿರುತ್ತಾರೆ, ಇಲ್ಲವೇ ಅವಳೂ ಗುಳೆಯ ಲಾರಿ ಹತ್ತಿರುತ್ತಾಳೆ. ಫಲಿತಾಂಶದ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಕೆಳಗಿರುವುದಕ್ಕೆ ಕಾರಣಗಳು ನೂರಾರಿವೆ, ತಪ್ಪು ಪ್ರಶ್ನೆಯೇ ಅದಕ್ಕೆ ಕಾರಣವೆಂದು ನಾನು ಹೇಳುವುದಿಲ್ಲ. ಪೇಟೆಯ ಮಗು ಟ್ಯೂಷನ್ನಿನಲ್ಲಿ ಹತ್ತಾರು ಪತ್ರಿಕೆ ಬಿಡಿಸಿ, ಕೈಗೆ ಹತ್ತದ ಪ್ರಶ್ನೆ ಬಿಟ್ಟು ಮುಂದೆ ಹೋಗುವುದನ್ನು ರೂಢಿ ಮಾಡಿಕೊಂಡಿರುತ್ತದೆ, ನಮ್ಮ ಮಗು ತಪ್ಪು ತನ್ನದೇ ಎಂದುಕೊಂಡು ಅಲ್ಲೇ ಕೂರುತ್ತದೆ ಎಂಬುದಷ್ಟೇ ನನ್ನ ಮಾತು.

ಇಂಥ ತಪ್ಪು ನಮ್ಮಲ್ಲಿ ಮಾತ್ರ ಆಗುತ್ತದೆಂದು ಯಾರೂ ಭಾವಿಸಬೇಕಾಗಿಲ್ಲ. 1982ರಲ್ಲಿ ಅಮೆರಿಕದಲ್ಲಿ ಕಾಲೇಜು ಪ್ರವೇಶಕ್ಕೆಂದು ನಡೆಯುವ ಎಸ್‌ಎಟಿ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ದೊಡ್ಡ ವೃತ್ತದ ತ್ರಿಜ್ಯದ ಮೂರನೇ ಒಂದರಷ್ಟು ತ್ರಿಜ್ಯವಿರುವ ಚಿಕ್ಕ ವೃತ್ತವು ದೊಡ್ಡದರ ಅಂಚಿನ ಮೇಲೆ ಉರುಳುತ್ತ ಒಂದು ಸುತ್ತು ಹಾಕಿ ಮೊದಲಿನ ಜಾಗಕ್ಕೆ ಬಂದರೆ, ತಾನು ಎಷ್ಟು ಸಲ ತಿರುಗಿರುತ್ತದೆ? ಸುತ್ತಳತೆ ಮೂರು ಪಟ್ಟು, ಆದ್ದರಿಂದ ಮೂರು ಎಂದು ಪರೀಕ್ಷಕರು ತಿಳಿದಿದ್ದರು. ಸರಿಯಾದ ಉತ್ತರ ನಾಲ್ಕು, ಅದು ಕೊಟ್ಟ ಐದು ಆಯ್ಕೆಗಳಲ್ಲಿ ಇರಲೇ ಇಲ್ಲ. ನನ್ನ ತರಗತಿಯಲ್ಲಿ ಇದನ್ನು ಎರಡು ಐದು ರೂಪಾಯಿ ನಾಣ್ಯಗಳಿಂದ ತೋರಿಸುತ್ತಿದ್ದೆ. ಒಂದನ್ನು ಮೇಜಿನ ಮೇಲೆ ಬೆರಳಿನಿಂದ ಒತ್ತಿ ಹಿಡಿದು ಇನ್ನೊಂದನ್ನು ಅದರ ಅಂಚಿಗೆ ಹಚ್ಚಿ ಜಾರದಂತೆ ಉರುಳಿಸಿದರೆ, ಅರ್ಧ ಸುತ್ತು ಹೋಗುವಷ್ಟರಲ್ಲೇ ನಾಣ್ಯದ ಸಿಂಹಗಳು ಮತ್ತೆ ನೆಟ್ಟಗೆ ನಿಂತಿರುತ್ತವೆ, ಪೂರ್ತಿ ಸುತ್ತಿಗೆ ಎರಡು ತಿರುಗು. ಸಮನಾದ ಸುತ್ತಳತೆಗೆ ಒಂದೇ ತಿರುಗು ಸಾಕಲ್ಲವೇ ಎಂದುಕೊಂಡಿದ್ದ ಮಕ್ಕಳು ಅದನ್ನು ನೋಡಿ ತಾವೂ ಉರುಳಿಸಿ ನೋಡಲು ಮೇಜಿಗೆ ಮುಗಿಬೀಳುತ್ತಿದ್ದರು. ಅಮೆರಿಕದಲ್ಲಿ ಆ ಪರೀಕ್ಷೆ ಬರೆದ ಸುಮಾರು ಮೂರು ಲಕ್ಷ ವಿದ್ಯಾರ್ಥಿಗಳಲ್ಲಿ ಪ್ರಶ್ನೆ ತಪ್ಪೆಂದು ಪತ್ರ ಬರೆದವರು ಮೂವರೇ. ಮಕ್ಕಳಿಂದ ದೂರು ಬಂದಿಲ್ಲ, ಆದ್ದರಿಂದ ಪತ್ರಿಕೆ ಸರಿಯಿದೆ ಎಂದು ನಮ್ಮಲ್ಲಿ ವಾದಿಸುವವರು ಈ ಮೂವರನ್ನು ನೆನಪಿಡಬೇಕು.

ಶಾಲೆ ಮುಗಿಸುವ ಪರೀಕ್ಷೆಯಲ್ಲೇ ಆದ ತಪ್ಪುಗಳು ಇನ್ನೂ ಕಠೋರ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 2000ನೇ ಇಸವಿಯಲ್ಲಿ ಗಣಿತ ಪರೀಕ್ಷೆಯ ಅಂಕ ಎಣಿಕೆಯಲ್ಲಾದ ತಪ್ಪಿನಿಂದ ಸುಮಾರು ಎಂಟು ಸಾವಿರ ಮಕ್ಕಳಿಗೆ ನೀವು ಅನುತ್ತೀರ್ಣರೆಂದು ಹೇಳಲಾಗಿತ್ತು. ಅವರಲ್ಲಿ ಕೆಲವರಿಗೆ ಶಾಲೆ ಮುಗಿಸಿದ ಪ್ರಮಾಣಪತ್ರವೇ ಸಿಗಲಿಲ್ಲ. ತಪ್ಪು ಬೆಳಕಿಗೆ ಬಂದದ್ದು ಒಬ್ಬ ತಂದೆ ಮಗಳ ಉತ್ತರಪತ್ರಿಕೆ ತೋರಿಸಲೇಬೇಕೆಂದು ಹಟ ಹಿಡಿದದ್ದರಿಂದ. ನ್ಯೂಯಾರ್ಕ್ ರಾಜ್ಯದಲ್ಲಿ 2003ರ ಜೂನ್ ತಿಂಗಳ ‘ಮ್ಯಾಥ್ ಎ’ ಪರೀಕ್ಷೆಯಲ್ಲಿ ಅಪಾರ ಸಂಖ್ಯೆಯಲ್ಲಿ ಮಕ್ಕಳು ಅನುತ್ತೀರ್ಣರಾದಾಗ, ಅಲ್ಲಿನ ಶಿಕ್ಷಣ ಆಯುಕ್ತರು ಶಾಲೆಯ ಕೊನೆಯ ಎರಡು ವರ್ಷಗಳ ಮಕ್ಕಳ ಮಟ್ಟಿಗೆ ಆ ಫಲಿತಾಂಶವನ್ನೇ ಬದಿಗಿಟ್ಟರು. ಆಮೇಲೆ ಸ್ವತಂತ್ರ ಸಮಿತಿಯೊಂದು ಪರಿಶೀಲಿಸಿ, ಪತ್ರಿಕೆ ಹಿಂದಿನವುಗಳಿಗಿಂತ ಕಠಿಣವಾಗಿತ್ತೆಂದು ಬಹಿರಂಗವಾಗಿಯೇ ಹೇಳಿತು. ಇಂಗ್ಲೆಂಡಿನಲ್ಲಿ 2011ರಲ್ಲಿ ಒಂದು ಗಣಿತ ಪತ್ರಿಕೆಯ 72 ಅಂಕಗಳಲ್ಲಿ 8 ಅಂಕದ ಪ್ರಶ್ನೆ ಬಿಡಿಸಲಾಗದಂಥದ್ದಾಗಿತ್ತು. ಅದರ ಹಿಂದೆ ಬಿದ್ದು ಕಳೆದುಕೊಂಡ ಸಮಯದ ಬಗ್ಗೆ ಅಲ್ಲಿನ ಮಕ್ಕಳೂ ಹೇಳಿಕೊಂಡರು.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ದಾರಿ ತೋರಿಸಿದ ತೀರ್ಪು ಹಳೆಯದು. ಕಾನ್ಪುರ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿದೆ: ಕೀ ಉತ್ತರಗಳನ್ನು ಪರಿಶೀಲಿಸುವ ವ್ಯವಸ್ಥೆ ಇರಬೇಕು, ಎರಡರ್ಥ ಬರುವ ಪ್ರಶ್ನೆ ಇರಬಾರದು, ಪ್ರಶ್ನೆ ದೋಷಪೂರಿತವೆಂದು ಗಮನಕ್ಕೆ ಬಂದರೆ ಬೇಗ ತೀರ್ಮಾನಿಸಿ ಅದನ್ನು ಅಂಕದ ಲೆಕ್ಕದಿಂದ ಕೈಬಿಡಬೇಕು. ನಾಲ್ಕು ದಶಕ ಕಳೆದ ಮೇಲೂ, 2024ರ ನೀಟ್ ಪರೀಕ್ಷೆಯ ಒಂದೇ ಒಂದು ಭೌತಶಾಸ್ತ್ರ ಪ್ರಶ್ನೆಗೆ ಸರಿಯುತ್ತರ ಯಾವುದೆಂದು ತೀರ್ಮಾನಿಸಲು ಅದೇ ಸುಪ್ರೀಂ ಕೋರ್ಟ್ ದೆಹಲಿ ಐಐಟಿಯ ತಜ್ಞರನ್ನು ಕೇಳಬೇಕಾಯಿತು, ನಾಲ್ಕು ಲಕ್ಷಕ್ಕೂ ಹೆಚ್ಚು ಅಭ್ಯರ್ಥಿಗಳ ಅಂಕ ಬದಲಾಯಿತು. ಅದೇ ವರ್ಷ ನಮ್ಮ ಸಿಇಟಿಯಲ್ಲಿ ಪಠ್ಯಕ್ರಮಕ್ಕೆ ಹೊರಗಿದ್ದ 50 ಪ್ರಶ್ನೆಗಳನ್ನು ಕೈಬಿಡಬೇಕಾಯಿತು. ಸಿಇಟಿ, ನೀಟ್ ಬರೆಯುವವರ ಪರವಾಗಿ ದನಿ ಎತ್ತಲು ಕೋಚಿಂಗ್ ಕೇಂದ್ರಗಳಿವೆ, ವಕೀಲರಿದ್ದಾರೆ. ಹಳ್ಳಿಯ ಎಸ್ಸೆಸ್ಸೆಲ್ಸಿ ಮಗುವಿನ ಪರವಾಗಿ ಇರುವವರು ಅದರ ಶಿಕ್ಷಕರು ಮಾತ್ರ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ಗಂಡಾಂತರವಿದೆ, ಅನುವಾದ. 2024ರ ಆಗಸ್ಟ್‌ನಲ್ಲಿ ಕೆಪಿಎಸ್‌ಸಿ ನಡೆಸಿದ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಎಷ್ಟು ಕೆಟ್ಟಿದ್ದವೆಂದರೆ ಡಿಸೆಂಬರಿನಲ್ಲಿ ಮರುಪರೀಕ್ಷೆ ನಡೆಸಬೇಕಾಯಿತು. ಗಣಿತದಲ್ಲಿ ಅಷ್ಟು ದೊಡ್ಡ ತಪ್ಪೇ ಬೇಕಾಗಿಲ್ಲ, ಒಂದು ಅಕ್ಷರ ಸಾಕು. ‘ರೂಟ್ 5 ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ’ ಎಂಬುದರಲ್ಲಿ ‘ಅ’ ಬಿದ್ದುಹೋದರೆ ಇಲ್ಲದ್ದನ್ನು ಸಾಧಿಸಲು ಕೇಳಿದಂತಾಗುತ್ತದೆ. ನಾಣ್ಯ ಚಿಮ್ಮುವ ಲೆಕ್ಕದಲ್ಲಿ ‘ಕನಿಷ್ಠ ಒಂದು ಶಿರ’ ಎನ್ನುವಲ್ಲಿ ‘ಕನಿಷ್ಠ’ ಬಿಟ್ಟರೆ ಸಂಭವನೀಯತೆಯ ಉತ್ತರವೇ ಬದಲಾಗುತ್ತದೆ. ಫಾಂಟ್ ಬದಲಾಗುವಾಗ ಎಕ್ಸ್‌ನ ಹೆಗಲ ಮೇಲೆ ಕೂರಬೇಕಾದ ಚಿಕ್ಕ 2 ಕೆಳಗಿಳಿದು ಪಕ್ಕದಲ್ಲಿ ನಿಂತರೆ ವರ್ಗಸಮೀಕರಣ ವರ್ಗಸಮೀಕರಣವಾಗಿ ಉಳಿಯುವುದಿಲ್ಲ. ತಾಲ್ಲೂಕು ಮಟ್ಟದ ಪತ್ರಿಕೆಗಳನ್ನು ನಾನೂ ತಯಾರಿಸಿದ್ದೇನೆ, ನನ್ನ ಪತ್ರಿಕೆಯಲ್ಲೂ ಇಂಥ ತಪ್ಪು ಒಮ್ಮೆ ನುಸುಳಿತ್ತು, ಅದರ ನೋವು ನನಗೆ ಇಂದಿಗೂ ಇದೆ. ಬರೆದವರಿಗೆ ತಮ್ಮ ತಪ್ಪು ಕಾಣುವುದಿಲ್ಲ, ಕಣ್ಣು ಕಾಗದದ ಮೇಲೆ ಇರುವುದನ್ನು ಬಿಟ್ಟು ಮನಸ್ಸಿನಲ್ಲಿ ಇರುವುದನ್ನು ಓದುತ್ತದೆ. ಆದ್ದರಿಂದಲೇ ಬೇರೆಯವರ ಕಣ್ಣು ಬೇಕು.

ಗೋಪ್ಯತೆಯ ದೃಷ್ಟಿಯಿಂದ ಹೆಚ್ಚು ಜನರಿಗೆ ಪತ್ರಿಕೆ ತೋರಿಸಲಾಗದೆಂಬ ಮಾತಿನಲ್ಲಿ ಅರ್ಥವಿದೆ. ಹೆಚ್ಚು ಜನ ಬೇಕಾಗಿಯೂ ಇಲ್ಲ. ಪತ್ರಿಕೆ ತಯಾರಿಯಲ್ಲಿ ಪಾಲಿಲ್ಲದ, ಮನೆಯಲ್ಲಿ ಹತ್ತನೇ ತರಗತಿಯ ಮಕ್ಕಳಿಲ್ಲದ ಒಬ್ಬಿಬ್ಬರು ಶಿಕ್ಷಕರನ್ನು ಮೂರು ಗಂಟೆ ಕೊಠಡಿಯಲ್ಲಿ ಕೂರಿಸಿ, ಮಾದರಿ ಉತ್ತರ ತೋರಿಸದೆ, ಕನ್ನಡದ ಪ್ರತಿಯನ್ನೇ ಕೈಗೆ ಕೊಟ್ಟು, ಮೊದಲ ಪ್ರಶ್ನೆಯಿಂದ ಕೊನೆಯ ಪ್ರಶ್ನೆಯವರೆಗೆ ಪೆನ್ನು, ಕೈವಾರ ಹಿಡಿದು ಬಿಡಿಸಲು ಹೇಳಿದರೆ ಸಾಕು. ಓದಿ ಸಹಿ ಮಾಡುವುದು ಪರಿಶೀಲನೆಯಲ್ಲ. ಯಾವ ಪಾಠಕ್ಕೆ ಎಷ್ಟು ಅಂಕ ಎಂದು ಗೊತ್ತುಮಾಡಿದ ನೀಲನಕ್ಷೆಗೆ ಅಂಕ ಹೊಂದುತ್ತದೆಯೇ ಎಂದು ನೋಡುವುದೂ ಪರಿಶೀಲನೆಯಲ್ಲ. ಬಿಡಿಸಿದಾಗ ಮಾತ್ರ ಮೈನಸ್ 686 ಕಣ್ಣಿಗೆ ಬೀಳುತ್ತದೆ.

ಎಷ್ಟು ಎಚ್ಚರ ವಹಿಸಿದರೂ ತಪ್ಪು ನುಸುಳಬಹುದು. ಆಗ ಅದು ಪರೀಕ್ಷೆ ನಡೆಯುತ್ತಿರುವಾಗಲೇ ಮಕ್ಕಳಿಗೆ ತಿಳಿಯಬೇಕು. 2024ರಿಂದ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡುತ್ತಿದ್ದೇವೆ. ನಕಲು ತಡೆಯಲು ಅದು ಬೇಕಿತ್ತು, ನಾನು ಅದನ್ನು ಸ್ವಾಗತಿಸಿದವಳು. ಹಳ್ಳಿಯ ಶಾಲೆಯಲ್ಲಿ ಕುಳಿತ ಮಗು ತಲೆ ಎತ್ತಿದರೆ ಜಿಲ್ಲಾ ಕೇಂದ್ರದಲ್ಲಿ ಕಾಣುವ ವ್ಯವಸ್ಥೆ ಕಟ್ಟಲು ನಮಗೆ ಸಾಧ್ಯವಾಗಿರುವಾಗ, ‘ಇಂಥ ಪ್ರಶ್ನೆಯಲ್ಲಿ ದೋಷವಿದೆ, ಅದನ್ನು ಬಿಟ್ಟು ಮುಂದೆ ಬರೆಯಿರಿ’ ಎಂಬ ಒಂದು ಸಾಲನ್ನು ಪ್ರತಿ ಕೇಂದ್ರದ ಮುಖ್ಯ ಅಧೀಕ್ಷಕರಿಗೆ ತಲುಪಿಸಿ ಕೊಠಡಿಗಳಲ್ಲಿ ಓದಿ ಹೇಳಿಸುವುದು ಅಸಾಧ್ಯವಾಗಬಾರದು. ಇದಕ್ಕಾಗಿ ಗಣಿತ ಪರೀಕ್ಷೆಯ ದಿನ ಪತ್ರಿಕೆ ತೆರೆದ ಕೂಡಲೇ ಅದನ್ನು ಬಿಡಿಸಲು ಕೂರುವ ವಿಷಯ ತಜ್ಞರ ಒಂದು ಚಿಕ್ಕ ತಂಡ ರಾಜ್ಯ ಮಟ್ಟದಲ್ಲಿದ್ದರೆ ಮೊದಲ ಗಂಟೆಯಲ್ಲೇ ತಪ್ಪು ಸಿಗುತ್ತದೆ.

ಇನ್ನು ಅಂಕದ ಮಾತು. ಈ ‘ಕೃಪಾಂಕ’ ಎಂಬ ಹೆಸರೇ ನನಗೆ ಒಪ್ಪಿಗೆಯಿಲ್ಲ. ಮಗುವಿನಿಂದ ಕಸಿದುಕೊಂಡದ್ದನ್ನು ಹಿಂದಿರುಗಿಸುವುದರಲ್ಲಿ ಕೃಪೆ ಏನಿದೆ? ಅದಕ್ಕಿಂತ ಮುಖ್ಯವಾಗಿ, ‘ಪ್ರಯತ್ನಿಸಿದವರಿಗೆ ಮಾತ್ರ ಅಂಕ’ ಎಂಬ ಷರತ್ತು ಎಲ್ಲಿಯೂ ಇರಬಾರದು. ಲೆಕ್ಕ ತಪ್ಪೆಂದು ಗುರುತಿಸಿ ಬಿಟ್ಟು ಮುಂದೆ ಹೋದ ಮಗುವೇ ಆ ಕೊಠಡಿಯಲ್ಲಿ ಅತ್ಯಂತ ಜಾಣ ಮಗು. ಅದಕ್ಕೆ ಸೊನ್ನೆ ಕೊಟ್ಟು, ಪ್ರಶ್ನೆಯ ಸಂಖ್ಯೆ ಬರೆದು ಏನೋ ಗೀಚಿದವರಿಗೆ ಪೂರ್ಣಾಂಕ ಕೊಡುವ ನಿಯಮಕ್ಕೆ ಯಾವ ಸಮರ್ಥನೆಯೂ ಇಲ್ಲ. ಅಂಕ ಎಲ್ಲರಿಗೂ ಸಿಗಬೇಕು. ಅದರ ಜೊತೆಗೆ, ಗಣಿತದಲ್ಲಿ ತೇರ್ಗಡೆಗೆ ಹತ್ತು ಅಂಕದೊಳಗೆ ಕಡಿಮೆ ಬಿದ್ದವರ ಉತ್ತರಪತ್ರಿಕೆಗಳನ್ನು ಶುಲ್ಕ, ಅರ್ಜಿ ಇಲ್ಲದೆ ಪರೀಕ್ಷಾ ಮಂಡಲಿಯೇ ಇನ್ನೊಮ್ಮೆ ತೆರೆದು, ದೋಷದ ಪ್ರಶ್ನೆಗಾಗಿ ಪುಟ ತುಂಬ ದುಡಿದು ಕೊನೆಯ ಪ್ರಶ್ನೆಗಳನ್ನು ಅರ್ಧಕ್ಕೆ ಬಿಟ್ಟವರು ಯಾರೆಂದು ನೋಡಬೇಕು. ಇದು ಕಷ್ಟದ ಕೆಲಸ, ಗೊತ್ತು. ಆದರೆ ಉತ್ತರಪತ್ರಿಕೆಯಲ್ಲಿ ಆ ಗುರುತುಗಳು ಸ್ಪಷ್ಟವಾಗಿ ಇರುತ್ತವೆ, ತಿದ್ದಿದ ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ.

ಪರೀಕ್ಷೆಯ ನಂತರ ಮಾದರಿ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುವ ಪದ್ಧತಿ ನಮ್ಮಲ್ಲಿರುವುದು ಮೆಚ್ಚುವಂಥದ್ದು. ಆದರೆ ಜಾಲತಾಣದಲ್ಲಿ ಆಕ್ಷೇಪಣೆ ಸಲ್ಲಿಸುವ ಗುಳೆ ಹೋದ ತಂದೆಯನ್ನು ನಾನು ಕಂಡಿಲ್ಲ. ಪ್ರತಿ ಪ್ರೌಢಶಾಲೆಯ ಗಣಿತ ಶಿಕ್ಷಕರು ತಮ್ಮ ಮಕ್ಕಳ ಪರವಾಗಿ ಆಕ್ಷೇಪಣೆ ಸಲ್ಲಿಸುವುದನ್ನು ಇಲಾಖೆ ಕರ್ತವ್ಯವೆಂದೇ ಮಾಡಬೇಕು, ಹಾಗೆ ಸಲ್ಲಿಸಿದವರ ಮೇಲೆ ಯಾರೂ ಕಣ್ಣು ಕೆಂಪಗೆ ಮಾಡಬಾರದು. ಬಂದ ಆಕ್ಷೇಪಣೆಗಳಲ್ಲಿ ಯಾವುದನ್ನು ಒಪ್ಪಲಾಯಿತು, ಯಾವುದನ್ನು ಏಕೆ ಒಪ್ಪಲಿಲ್ಲ ಎಂಬುದನ್ನು ಕಾರಣ ಸಹಿತ ಕನ್ನಡದಲ್ಲಿ ಪ್ರಕಟಿಸಬೇಕು.

ಅಂದಿನ ಆ ಹುಡುಗಿ ಮಾರ್ಚ್‌ನಲ್ಲಿ ವಾರ್ಷಿಕ ಪರೀಕ್ಷೆ ಬರೆದು ಗಣಿತದಲ್ಲಿ ತೇರ್ಗಡೆಯಾದಳು. ಅದಕ್ಕೆ ಮುಂಚೆ, ಪೂರ್ವಸಿದ್ಧತಾ ಪರೀಕ್ಷೆಯ ನಂತರದ ಎರಡು ವಾರ, ಸ್ಪರ್ಶಕಗಳ ಲೆಕ್ಕ ಬಂದಾಗಲೆಲ್ಲ ಅವಳು ಪೆನ್ನು ಕೆಳಗಿಟ್ಟುಬಿಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು 4 ಸೆಂ.ಮೀ. ತ್ರಿಜ್ಯದ ಪುಸ್ತಕದ ಲೆಕ್ಕವನ್ನೇ ಅವಳ ಕೈಯಿಂದ ಮಾಡಿಸಿದೆ. ಎಕ್ಸ್ ಸಮ 7 ಎಂದು ಬಂದ ಮೇಲೂ ಅವಳು ಅದರ ಕೆಳಗೆ ಗೆರೆ ಎಳೆಯದೆ, ಇದು ಸರಿಯೇ ಎಂಬಂತೆ ನನ್ನ ಮುಖ ನೋಡಿದ್ದಳು.

ಮುಂದಿನ ಎಸ್ಸೆಸ್ಸೆಲ್ಸಿ ಗಣಿತ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಅದನ್ನು ಕೂತು ಬಿಡಿಸಲು ಶಿಕ್ಷಕರು ಬೇಕಿದ್ದರೆ, ಯಾವ ಸಂಭಾವನೆಯೂ ಇಲ್ಲದೆ, ಫೋನು ಹೊರಗಿಟ್ಟು, ಹೇಳಿದಷ್ಟು ದಿನ ಹೇಳಿದ ಕಡೆ ಇರಲು ನಾನು ಸಿದ್ಧಳಿದ್ದೇನೆ. ನನ್ನಂಥ ನಿವೃತ್ತ ಗಣಿತ ಶಿಕ್ಷಕರು ಸಿಂಧನೂರಿನಲ್ಲಿ, ಗಂಗಾವತಿಯಲ್ಲಿ, ಸಿರುಗುಪ್ಪದಲ್ಲಿ ಇದ್ದಾರೆ, ಕರೆದರೆ ಬರುತ್ತಾರೆ.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ,
ಸಿಂಧನೂರು, ರಾಯಚೂರು ಜಿಲ್ಲೆ